84 ಬಂತು, ಆಮೇಲೆ 92 ಬಂತು: ಮಗನಿಗೆ ಐಕ್ಯೂ ಟೆಸ್ಟ್ ಮಾಡಿಸಿದ ರಿವ್ಯೂ

ಮೊದಲೇ ಸ್ಟಾರ್ ಹೇಳಿಬಿಡುತ್ತೇನೆ. ಮೊದಲು ಹೋದ ಖಾಸಗಿ ಸೆಂಟರ್‌ಗೆ ಐದಕ್ಕೆ ಒಂದೂವರೆ, ಆ ಅರ್ಧ ಸ್ಟಾರ್ ಅಲ್ಲಿನ ತಣ್ಣನೆ ಫಿಲ್ಟರ್ ನೀರಿಗೆ. ಆಮೇಲೆ ಹೋದ ಸರ್ಕಾರಿ ಆಸ್ಪತ್ರೆಯ ಸೈಕಾಲಜಿ ವಿಭಾಗಕ್ಕೆ ನಾಲ್ಕು. ಐಕ್ಯೂ ಟೆಸ್ಟ್‌ಗೇ ಸ್ಟಾರ್ ಕೊಡು ಅಂದರೆ ಮೂರು ಕೊಡುತ್ತೇನೆ, ಅದೂ ಆ ನಂಬರನ್ನು ಹೇಗೆ ಓದಬೇಕು ಅಂತ ಹೇಳಿಕೊಡುವವರು ಎದುರಿಗೆ ಕೂತಿದ್ದರೆ. ಎರಡೂ ಕಡೆಯ ಹೆಸರು ಹಾಕುತ್ತಿಲ್ಲ. ಯಾರ ಮೇಲೂ ಸಿಟ್ಟು ತೀರಿಸಿಕೊಳ್ಳಬೇಕಿಲ್ಲ ನನಗೆ, ನನ್ನ ಹಾಗೆ ಮಕ್ಕಳನ್ನು ಕರೆದುಕೊಂಡು ಓಡಾಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಗದಗದ ಹತ್ತಿರ ಒಂದು ದಿನಸಿ ಅಂಗಡಿ. ಮಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಓದಲು ಕೂತರೆ ಒಂದು ಪುಟಕ್ಕೆ ಅರ್ಧ ಗಂಟೆ. ಬರೆಯುವಾಗ ಒತ್ತಕ್ಷರ ನುಂಗಿಬಿಡುತ್ತಾನೆ, ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ, ‘ಭ’ ಮತ್ತು ‘ಬ’ ಅವನಿಗೆ ಒಂದೇ. ಅದೇ ಹುಡುಗ ಸಂಜೆ ಗಲ್ಲಾದ ಮೇಲೆ ಕೂತರೆ ಹನ್ನೆರಡು ಸಾಮಾನಿನ ಲೆಕ್ಕ ಬಾಯಲ್ಲೇ ಹೇಳುತ್ತಾನೆ, ಉದ್ರಿ ಪುಸ್ತಕದಲ್ಲಿ ಯಾರದ್ದು ಎಷ್ಟು ಬಾಕಿ ಅಂತ ನನಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾನೆ. ಟೀಚರ್ ಕರೆದು ಹೇಳಿದರು: ಇದು ಸೋಮಾರಿತನ ಅಲ್ಲ, ಕಲಿಕಾ ನ್ಯೂನತೆ ಇರಬಹುದು, ತಪಾಸಣೆ ಮಾಡಿಸಿ, ಸರ್ಟಿಫಿಕೇಟ್ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಸಮಯ ಸಿಗುತ್ತದೆ. ಆ ತಪಾಸಣೆಯ ಮೊದಲ ಮೆಟ್ಟಿಲೇ ಐಕ್ಯೂ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಐಕ್ಯೂ 85 ದಾಟಿದರೆ ಮಾತ್ರ ಕಲಿಕಾ ನ್ಯೂನತೆಯ ಪರೀಕ್ಷೆಗೆ ಮುಂದೆ ಹೋಗಬೇಕು ಅಂತ ಇತ್ತು. ಈ 85 ನೆನಪಿಟ್ಟುಕೊಳ್ಳಿ.

ಖಾಸಗಿ ಸೆಂಟರ್ ಇದ್ದದ್ದು ದೊಡ್ಡ ಊರಿನಲ್ಲಿ. ಬೆಳಗ್ಗೆ ಆರರ ಬಸ್ಸು ಹಿಡಿದು ಹೋದೆವು. 11 ಗಂಟೆಗೆ ಅಪಾಯಿಂಟ್‌ಮೆಂಟ್, ಒಳಗೆ ಕರೆದದ್ದು ಮೂರೂವರೆಗೆ. ಈಗ ಕರೆಯುತ್ತಾರೆ, ಆಗ ಕರೆಯುತ್ತಾರೆ ಅಂತ ಊಟಕ್ಕೂ ಹೋಗಲಿಲ್ಲ, ಹುಡುಗ ಒಂದು ಪ್ಲೇಟ್ ಇಡ್ಲಿ ಮೇಲೆ ಇದ್ದ. ಟೆಸ್ಟ್ ರೂಮಿಗೂ ಹೊರಗಿನ ಬೆಂಚಿಗೂ ನಡುವೆ ಒಂದು ಪ್ಲೈವುಡ್ ಪಾರ್ಟಿಷನ್. ಪಕ್ಕದ ಅಂಗಡಿಯಲ್ಲಿ ಯಾರೋ ಗೋಡೆಗೆ ಡ್ರಿಲ್ ಹೊಡೆಯುತ್ತಿದ್ದರು. ಒಳಗಿನ ಮಾತೆಲ್ಲ ಕೇಳುತ್ತಿತ್ತು, ಮತ್ತು ಆ ಮಾತು ಮುಕ್ಕಾಲು ಪಾಲು ಇಂಗ್ಲಿಷ್. ಟೆಸ್ಟ್ ಮಾಡುತ್ತಿದ್ದ ಹುಡುಗಿ ಪಾಪ ಒಳ್ಳೆಯವಳೇ, ಆದರೆ ಪ್ರಶ್ನೆ ಇಂಗ್ಲಿಷ್‌ನಲ್ಲಿ ಕೇಳಿ, ಇವನು ಸುಮ್ಮನಿದ್ದರೆ ಅರ್ಧಂಬರ್ಧ ಕನ್ನಡದಲ್ಲಿ ಇನ್ನೊಮ್ಮೆ ಕೇಳುತ್ತಿದ್ದಳು. ಅಷ್ಟರಲ್ಲಿ ಇವನು ‘ಗೊತ್ತಿಲ್ಲ’ ಅಂದುಬಿಡುತ್ತಿದ್ದ. ಅವನ ಸ್ವಭಾವವೇ ಹಾಗೆ, ಹೊಸಬರ ಮುಂದೆ ತಪ್ಪು ಹೇಳೋದಕ್ಕಿಂತ ಗೊತ್ತಿಲ್ಲ ಅನ್ನೋದು ಅವನಿಗೆ ಸಲೀಸು. 45 ನಿಮಿಷಕ್ಕೆ ಮುಗಿಯಿತು. 3,500 ರೂಪಾಯಿ.

ರಾತ್ರಿ ವಾಟ್ಸಾಪ್‌ಗೆ ರಿಪೋರ್ಟ್ ಬಂತು. ಒಂದೇ ಪುಟ. ವಯಸ್ಸು 12 ವರ್ಷ 11 ತಿಂಗಳು, ಮಾನಸಿಕ ವಯಸ್ಸು 10 ವರ್ಷ 10 ತಿಂಗಳು, ಐಕ್ಯೂ 84, ಕೆಳಗೆ ದಪ್ಪ ಅಕ್ಷರದಲ್ಲಿ ‘ಬಾರ್ಡರ್‌ಲೈನ್’. ಯಾವ ಟೆಸ್ಟ್ ಮಾಡಿದರು ಅಂತಲೂ ಇಲ್ಲ. ಮಾರನೇ ದಿನ ಫೋನ್ ಮಾಡಿ, 85ಕ್ಕೂ 84ಕ್ಕೂ ಒಂದೇ ಅಂಕ ಅಲ್ವಾ, ಸ್ವಲ್ಪ ಹೆಚ್ಚುಕಮ್ಮಿ ಇರಬಹುದಾ ಅಂತ ಕೇಳಿದೆ. ರಿಸೆಪ್ಷನ್‌ನವರು, "ಸರ್, ಸ್ಕೋರ್ ಕಂಪ್ಯೂಟರ್ ಕೊಡೋದು, ಅದರಲ್ಲಿ ತಪ್ಪು ಬರಲ್ಲ" ಅಂದರು.

ನನಗೆ ತಲೆ ಕೆಟ್ಟದ್ದು ಇಲ್ಲೇ. ನನ್ನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಂದು ಸಣ್ಣ ಪಟ್ಟಿ ಇದೆ, ಗರಿಷ್ಠ 30 ಕಿಲೋ, ಇ = 5 ಗ್ರಾಂ ಅಂತ. ಅಂದರೆ ಈ ತಕ್ಕಡಿ ಐದೈದು ಗ್ರಾಂ ಲೆಕ್ಕದಲ್ಲಿ ನೋಡುತ್ತದೆ, ಅದಕ್ಕಿಂತ ಸೂಕ್ಷ್ಮ ಕೇಳಬೇಡಿ ಅಂತ ತಕ್ಕಡಿಯೇ ಒಪ್ಪಿಕೊಂಡಿದೆ. ಅದರಲ್ಲಿ ಬಂಗಾರ ತೂಗಲು ಯಾರೂ ಬರಲ್ಲ. ಮೇಲಾಗಿ ವರ್ಷಕ್ಕೊಮ್ಮೆ ಇಲಾಖೆಯವರು ತೂಕದ ಕಲ್ಲು ತಂದು ಪರೀಕ್ಷೆ ಮಾಡಿ ಸೀಲ್ ಹಾಕಬೇಕು, ಇಲ್ಲದಿದ್ದರೆ ದಂಡ. ಅಕ್ಕಿ ಬೇಳೆ ತೂಗಲು ಇಷ್ಟು ಕಟ್ಟುಪಾಡು. ಹುಡುಗನ ಬುದ್ಧಿ ತೂಗಿದ ಕಾಗದದ ಮೇಲೆ ಆ ‘ಇ’ ಎಲ್ಲಿ?

ಬಿ.ಕಾಂನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ್ದೆ, ಮರೆತಿದ್ದೆ. ಮತ್ತೆ ತೆಗೆದು ಕೂತೆ.

ಈಗ ಬಳಕೆಯಲ್ಲಿರುವ ಹೆಚ್ಚಿನ ಟೆಸ್ಟ್‌ಗಳಲ್ಲಿ ಐಕ್ಯೂ ಅಂದರೆ ಸಾಲಿನಲ್ಲಿ ನಿಮ್ಮ ಜಾಗ. ಒಂದೇ ವಯಸ್ಸಿನ ಒಂದಷ್ಟು ಮಕ್ಕಳಿಗೆ ಮೊದಲೇ ಟೆಸ್ಟ್ ಕೊಟ್ಟಿರುತ್ತಾರೆ. ಅವರ ಸರಾಸರಿಗೆ 100 ಅಂತ ಹೆಸರಿಡುತ್ತಾರೆ, ಎಷ್ಟು ಹರಡಿಕೊಂಡಿದೆ ಅನ್ನೋ ಅಳತೆಗೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ, 15 ಅಂತ ಇಡುತ್ತಾರೆ. ಅಲ್ಲಿಗೆ ನೂರರಲ್ಲಿ ಸುಮಾರು 68 ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ, 95 ಮಕ್ಕಳು 70ರಿಂದ 130ರೊಳಗೆ. 84 ಅಂದರೆ ನೂರು ಮಕ್ಕಳನ್ನು ನಿಲ್ಲಿಸಿದರೆ ಇವನ ಹಿಂದೆ 14 ಜನ. 92 ಅಂದರೆ ಹಿಂದೆ 30 ಜನ. ಇದು ಕಿಲೋ ಥರ ಅಲ್ಲ, ಐಕ್ಯೂ 120 ಇದ್ದವನಿಗೆ 100 ಇದ್ದವನಿಗಿಂತ ಇಪ್ಪತ್ತು ಪರ್ಸೆಂಟ್ ಬುದ್ಧಿ ಜಾಸ್ತಿ ಅಂತ ಹೇಳೋಕೆ ಬರಲ್ಲ, ಯಾಕೆಂದರೆ ಬುದ್ಧಿ ಸೊನ್ನೆ ಅನ್ನೋ ಜಾಗವೇ ಈ ಅಳತೆಯಲ್ಲಿಲ್ಲ.

ಇದರ ಮಧ್ಯೆ ನನ್ನ ಬಾಮೈದ. ವಿಷಯ ಕೇಳಿ ಅವನೂ ಮೊಬೈಲ್‌ನಲ್ಲಿ ಯಾವುದೋ ಐಕ್ಯೂ ಟೆಸ್ಟ್ ಮಾಡಿದ. ಇಪ್ಪತ್ತು ಪ್ರಶ್ನೆ, ಟೆಸ್ಟ್ ಫ್ರೀ, ಫಲಿತಾಂಶ ನೋಡಬೇಕು ಅಂದರೆ 399 ರೂಪಾಯಿ. ಕಟ್ಟಿದ. 147 ಬಂತು. ಮೂರು ದಿನ ಸ್ಟೇಟಸ್‌ನಲ್ಲಿ ಅದೇ. "ಭಾವ, ನನ್ನಂಥವರು ಸಾವಿರಕ್ಕೆ ಒಬ್ಬರಂತೆ" ಅಂತ ಫೋನ್ ಬೇರೆ. ಹರಡುವಿಕೆ 15 ಅಂತ ಹಿಡಿದರೆ ಅವನು ಹೇಳಿದ್ದು ಹೆಚ್ಚುಕಮ್ಮಿ ಸರಿ. ಆದರೆ ಎಲ್ಲ ಟೆಸ್ಟ್‌ನಲ್ಲೂ ಅದು 15 ಅಲ್ಲ, ಹಳೆಯ ಸ್ಟ್ಯಾನ್‌ಫರ್ಡ್-ಬಿನೆ ಅನ್ನೋ ಟೆಸ್ಟ್‌ನಲ್ಲಿ 16, ಕ್ಯಾಟೆಲ್ ಅವರ ಸ್ಕೇಲ್‌ನಲ್ಲಿ 24. ಕ್ಯಾಟೆಲ್ ಲೆಕ್ಕದ 148 ಅಂದರೆ ಸಾಮಾನ್ಯ ಲೆಕ್ಕದ 130, ನೂರಕ್ಕೆ ಇಬ್ಬರು. ಅವನ ಆ್ಯಪ್ ಯಾವ ಲೆಕ್ಕ ಹಿಡಿದಿದೆ ಅಂತ ಎಲ್ಲೂ ಬರೆದಿಲ್ಲ. ಮೀಟರೋ ಗಜವೋ ಹೇಳದೆ ‘ಐದು’ ಬಟ್ಟೆ ಕೊಟ್ಟ ಹಾಗೆ.

ಇನ್ನೂ ಒಂದು ವಿಷಯ, ಮೇಲಿನ ತುದಿಯ ನಂಬರ್‌ಗಳ ಬುಡವೇ ತೆಳು. ಅಮೆರಿಕದಲ್ಲಿ ಮಕ್ಕಳಿಗೆ ಬಳಸುವ ವೆಕ್ಸ್ಲರ್ ಟೆಸ್ಟ್‌ನ ಐದನೇ ಆವೃತ್ತಿಗೆ ಮಾದರಿಯಾಗಿ ತೆಗೆದುಕೊಂಡದ್ದು 2,200 ಮಕ್ಕಳನ್ನು, ಒಂದೊಂದು ವಯಸ್ಸಿಗೆ 200. 145 ದಾಟುವವರು ಸುಮಾರು 740ಕ್ಕೆ ಒಬ್ಬರು. 200 ಮಕ್ಕಳಲ್ಲಿ ಅಂಥವನು ಒಬ್ಬನೂ ಇಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ. ಅಷ್ಟು ದುಡ್ಡು, ಅಷ್ಟು ಮಂದಿ ಹಾಕಿದ ಟೆಸ್ಟ್‌ನ ಕತೆಯೇ ಹೀಗಾದರೆ 399 ರೂಪಾಯಿ ಆ್ಯಪ್ 160, 170 ಅಂತ ಹೇಳೋದು ಎಣಿಸಿ ಹೇಳಿದ್ದಲ್ಲ, ಗೆರೆ ಎಳೆದುಕೊಂಡು ಮುಂದೆ ಹೋದದ್ದು. ಬಾಮೈದನಿಗೆ ಇದನ್ನೆಲ್ಲ ಹೇಳಲಿಲ್ಲ. ಖುಷಿಯಾಗಿದ್ದಾನೆ, ಇರಲಿ.

ಮೂರು ತಿಂಗಳ ಮೇಲೆ ಟೀಚರ್ ಹೇಳಿದರು ಅಂತ ಸರ್ಕಾರಿ ಆಸ್ಪತ್ರೆಗೆ ಹೋದೆವು. ಚೀಟಿ ಮಾಡಿಸಲು ಕ್ಯೂ, ಫ್ಯಾನ್ ಇಲ್ಲದ ವರಾಂಡ, ಕೂರಲು ಕಾಲು ಮುರಿದ ಬೆಂಚು. ಮೊದಲ ದಿನ ಟೆಸ್ಟೇ ಮಾಡಲಿಲ್ಲ. ಅಲ್ಲಿನ ಸೈಕಾಲಜಿಸ್ಟ್ ಮೇಡಂ ಅರ್ಧ ಗಂಟೆ ಸುಮ್ನೆ ಮಾತಾಡಿಸಿ, ಕಣ್ಣು ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಮುಂದಿನ ವಾರ ಬೆಳಗ್ಗೆ ಒಂಬತ್ತೂವರೆಗೆ ತಿಂಡಿ ತಿನ್ನಿಸಿ ಕರೆದುಕೊಂಡು ಬನ್ನಿ ಅಂದರು. ಅವತ್ತು ನನಗೆ ಸಿಟ್ಟು ಬಂದಿತ್ತು, ಒಂದು ದಿನದ ವ್ಯಾಪಾರ ಹೋಯಿತಲ್ಲ ಅಂತ.

ಮುಂದಿನ ವಾರ ಅವರ ಮೊದಲ ಪ್ರಶ್ನೆ, ಹಿಂದೆ ಯಾವ ಟೆಸ್ಟ್ ಮಾಡಿದ್ದರು? ಅದೇ ಟೆಸ್ಟ್ ಇಷ್ಟು ಬೇಗ ಮತ್ತೆ ಮಾಡಿದರೆ ನೆನಪಿನ ಮೇಲೇ ನಾಲ್ಕು ಅಂಕ ಜಾಸ್ತಿ ಬಂದುಬಿಡಬಹುದಂತೆ. ನಾನು ಸೆಂಟರ್‌ಗೆ ಫೋನ್ ಮಾಡಿದೆ, ಮೂರನೇ ಸಲಕ್ಕೆ ಹೇಳಿದರು, ಬಿನೆ-ಕಾಮತ್ ಅಂತ. ಮೇಡಂ ನಕ್ಕರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಬಿನೆ ಅನ್ನುವವರು ಪ್ಯಾರಿಸ್‌ನಲ್ಲಿ 1905ರಲ್ಲಿ ಸಿಮೋನ್ ಜೊತೆ ಸೇರಿ ಮೊದಲ ಟೆಸ್ಟ್ ಮಾಡಿದ್ದು, ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಹುಡುಕಿ ಸಹಾಯ ಕೊಡಲಿ ಅಂತ. ಅದನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅಂತಲೇ ಒಗ್ಗಿಸಿದರು. ಆಗ ನಮ್ಮ ಗದಗವೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಅಂದರೆ ಕನ್ನಡದ ಮಕ್ಕಳಿಗಾಗಿ ಕನ್ನಡದಲ್ಲಿ ಮಾಡಿದ ಟೆಸ್ಟನ್ನು ಕನ್ನಡದ ಹುಡುಗನಿಗೆ ಇಂಗ್ಲಿಷ್‌ನಲ್ಲಿ ಕೇಳಿ 3,500 ತೆಗೆದುಕೊಂಡಿದ್ದಾರೆ.

ಆ ಟೆಸ್ಟ್‌ನ ಲೆಕ್ಕವೂ ಹಳೆಯದು. ಸರಿ ಉತ್ತರಕ್ಕೆ ಇಷ್ಟು ತಿಂಗಳು ಅಂತ ಕೂಡಿಸಿ ಮಾನಸಿಕ ವಯಸ್ಸು ತೆಗೆದು, ನಿಜವಾದ ವಯಸ್ಸಿನಿಂದ ಭಾಗಿಸಿ, ನೂರರಿಂದ ಗುಣಿಸೋದು. ಇವನದ್ದು 130 ತಿಂಗಳು ಭಾಗಿಸು 155 ತಿಂಗಳು, 83.9, ಅದೇ 84. ಡ್ರಿಲ್ ಸದ್ದು ಇಲ್ಲದೆ ಇನ್ನೊಂದೋ ಎರಡೋ ಪ್ರಶ್ನೆ ಸರಿಯಾಗಿ, ನಾಲ್ಕು ತಿಂಗಳು ಜಾಸ್ತಿ ಸೇರಿದ್ದರೆ 134 ಭಾಗಿಸು 155, ಅಂದರೆ 86. ಬಾಗಿಲು ತೆರೆಯುತ್ತಿತ್ತು. ನಲವತ್ತು ವರ್ಷದವನ ಮಾನಸಿಕ ವಯಸ್ಸು ಎಷ್ಟು ಅಂತ ಕೇಳಿದರೆ ಈ ಲೆಕ್ಕ ತಪ್ಪಿಹೋಗುತ್ತದೆ, ಬುದ್ಧಿ ವರ್ಷ ವರ್ಷ ಒಂದೇ ಸಮ ಬೆಳೆಯುತ್ತಾ ಹೋಗೋದಿಲ್ಲವಲ್ಲ. ಅದಕ್ಕೇ ಅಮೆರಿಕದ ಸೈಕಾಲಜಿಸ್ಟ್ ಡೇವಿಡ್ ವೆಕ್ಸ್ಲರ್ 1939ರಲ್ಲಿ ಅದನ್ನು ಬಿಟ್ಟು ಆ 100–15ರ ಸಾಲಿನ ಲೆಕ್ಕ ತಂದದ್ದು.

ಮೇಡಂ ಮಾಡಿದ್ದು ಮಾಲಿನ್ ಸ್ಕೇಲ್. ನಾಗಪುರದ ಮಾಲಿನ್ ಅವರು ವೆಕ್ಸ್ಲರ್ ಟೆಸ್ಟನ್ನು 1969ರಲ್ಲಿ ನಮ್ಮ ದೇಶದ ಮಕ್ಕಳಿಗೆ ಹೊಂದಿಸಿದ್ದು. ಮಾತಿನ ಭಾಗ ಒಂದು, ಕೈಕೆಲಸದ ಭಾಗ ಒಂದು. ಟೆಸ್ಟ್ ರೂಮಿನ ಬಾಗಿಲು ಸ್ವಲ್ಪ ತೆರೆದಿತ್ತು. ಬಣ್ಣದ ಕಟ್ಟಿಗೆ ಘನಗಳನ್ನು ಜೋಡಿಸಿ ಚಿತ್ರದಲ್ಲಿ ಇರುವ ಹಾಗೇ ಮಾಡಬೇಕು. ಒಂದು ಚಿತ್ರಕ್ಕೆ ಇವನು ಏನೂ ಮಾಡದೆ ಸುಮ್ನೆ ನೋಡುತ್ತಾ ಕೂತ. ಮೇಡಂ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು, ನನಗೆ ಹೊರಗೆ ಬೆವರು. ಆಮೇಲೆ ಟಕಟಕ ಅಂತ ಒಂದೇ ಉಸಿರಿಗೆ ಇಟ್ಟ. ಅಂಗಡಿಯ ರ‍್ಯಾಕ್‌ನಲ್ಲಿ ಸೋಪು ಜೋಡಿಸುವಾಗಲೂ ಹೀಗೇ ಅವನು, ಮೊದಲು ನೋಡುತ್ತಾ ನಿಂತಿರುತ್ತಾನೆ, ಬೈಸಿಕೊಳ್ಳುತ್ತಾನೆ. ಅಂಕಿ ಹಿಂದುಮುಂದು ಹೇಳುವ ಭಾಗ ಮುಗಿದ ಮೇಲೆ ಮೇಡಂ ನೀರು ಕುಡಿದು ಬಾ ಅಂತ ಹೊರಗೆ ಕಳಿಸಿದರು. ಎಲ್ಲ ಸೇರಿ ಎರಡು ಗಂಟೆ, ಪೂರ್ತಿ ಕನ್ನಡದಲ್ಲಿ.

ರಿಪೋರ್ಟ್ ನಾಲ್ಕು ಪುಟ. ಮಾತಿನ ಭಾಗ 86, ಕೈಕೆಲಸದ ಭಾಗ 98, ಒಟ್ಟು 92. ನಾನು ಕುಣಿಯುವುದೊಂದು ಬಾಕಿ. ಆಗ ಮೇಡಂ ಹೇಳಿದ್ದು ಇದು: "ನೋಡ್ರಿ, 92ನ್ನೂ ಅಷ್ಟು ಗಟ್ಟಿಯಾಗಿ ಹಿಡ್ಕೋಬ್ಯಾಡ್ರಿ. 84 ಸುಳ್ಳು, 92 ಖರೆ ಅಂತ ಅಲ್ಲ."

ಪೆನ್ನು ತೆಗೆದು ಚೀಟಿಯ ಹಿಂದೆ ಬರೆದು ತೋರಿಸಿದರು. ಯಾವ ಟೆಸ್ಟ್ ಆದರೂ ಅದರ ನಂಬಿಕೆಯ ಅಳತೆ ಒಂದು ಇರುತ್ತದೆ, ಒಂದು ಅಂದರೆ ಪಕ್ಕಾ, ಸೊನ್ನೆ ಅಂದರೆ ಲಾಟರಿ. ಒಳ್ಳೆಯ ಟೆಸ್ಟ್‌ಗೆ 0.90 ಅಂತ ಇಟ್ಟುಕೊಳ್ಳಿ. ಒಂದರಿಂದ ಅದನ್ನು ಕಳೆದರೆ 0.10, ಅದರ ವರ್ಗಮೂಲ ಸುಮಾರು 0.32, ಅದನ್ನು 15ರಿಂದ ಗುಣಿಸಿದರೆ 4.7. ಇದೇ ಆ ಟೆಸ್ಟ್‌ನ ‘ಇ’. 95 ಪರ್ಸೆಂಟ್ ಭರವಸೆ ಬೇಕು ಅಂದರೆ ಇದರ ಎರಡರಷ್ಟು ಆ ಕಡೆ ಈ ಕಡೆ ಬಿಡಬೇಕು, ಅಂದರೆ ಒಂಬತ್ತು ಅಂಕ. 84 ಅಂದರೆ 75ರಿಂದ 93ರೊಳಗೆ ಎಲ್ಲೋ. 92 ಅಂದರೆ 83ರಿಂದ 101ರೊಳಗೆ ಎಲ್ಲೋ. ಟೆಸ್ಟ್ ತುಂಬಾ ಚೆನ್ನಾಗಿದ್ದು ನಂಬಿಕೆ 0.96 ಆದರೂ ಆರು ಅಂಕ ಬಿಡಲೇಬೇಕು. ಎರಡು ಟೆಸ್ಟ್ ಹೋಲಿಸುವಾಗ ಎರಡರ ತಪ್ಪೂ ಸೇರುತ್ತದೆ, ಆಗ ಎಂಟು ಅಂಕದ ವ್ಯತ್ಯಾಸಕ್ಕೆ ಯಾರೂ ಹುಬ್ಬೇರಿಸಲ್ಲ. ತೀರಾ ಕಡಿಮೆ ಬಂದವರಿಗೆ ಎರಡನೇ ಸಲ ಸ್ವಲ್ಪ ಮೇಲೆ, ತೀರಾ ಜಾಸ್ತಿ ಬಂದವರಿಗೆ ಸ್ವಲ್ಪ ಕೆಳಗೆ ಬರುವುದೂ ಸಹಜವೇ, ಯಾಕೆಂದರೆ ಮೊದಲ ಸಲದ ಅದೃಷ್ಟವೋ ದುರದೃಷ್ಟವೋ ಎರಡನೇ ಸಲ ಅಷ್ಟೇ ಇರಲ್ಲ.

ಆಮೇಲೆ ಅವರೇ ಎತ್ತಿದ ಇನ್ನೊಂದು ಮಾತು ನನಗೆ ಅನುಕೂಲ ಇಲ್ಲದ್ದು, ಅದಕ್ಕೇ ಅವರ ಮೇಲೆ ಗೌರವ ಜಾಸ್ತಿ ಆಯಿತು. ಈ ಸ್ಕೇಲ್‌ನ ಮಾದರಿ ಮಕ್ಕಳು 1969ರವರು. ನ್ಯೂಜಿಲೆಂಡ್‌ನ ಸಂಶೋಧಕ ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ ಅಂಕಿಅಂಶ ಹಿಡಿದು ತೋರಿಸಿದ್ದರು, ಹತ್ತು ವರ್ಷಕ್ಕೆ ಸುಮಾರು ಮೂರು ಅಂಕದಂತೆ ಜನರ ಸ್ಕೋರ್ ಏರುತ್ತಾ ಬಂದಿದೆ ಅಂತ. ಆಮೇಲೆ ಹಲವು ದೇಶಗಳಲ್ಲಿ ಹೀಗೇ ಕಂಡಿತು. ಅಜ್ಜಂದಿರ ಕಾಲದ ಮಕ್ಕಳ ಸಾಲಿನಲ್ಲಿ ಇವತ್ತಿನ ಹುಡುಗನನ್ನು ನಿಲ್ಲಿಸಿದರೆ ಅವನು ಇರೋದಕ್ಕಿಂತ ಎತ್ತರ ಕಾಣಬಹುದು. ಇಂತಿಷ್ಟೇ ಕಳೆಯಿರಿ ಅಂತ ಹೇಳುವ ಹಾಗಿಲ್ಲ, ಆದರೆ ಮಾದರಿ ಹಳೆಯದು ಅಂತ ಅವರು ರಿಪೋರ್ಟ್‌ನಲ್ಲೇ ಬರೆದಿದ್ದಾರೆ. 1969ರಲ್ಲಿ ಸೀಲ್ ಹಾಕಿಸಿದ ತಕ್ಕಡಿ ಇಟ್ಟುಕೊಂಡು ನಾನು ಇವತ್ತು ವ್ಯಾಪಾರ ಮಾಡಿದರೆ ಇನ್‌ಸ್ಪೆಕ್ಟರ್ ಬಿಡುತ್ತಾನಾ? ಹೊಸ ಮಾದರಿಯ ಭಾರತೀಯ ವೆಕ್ಸ್ಲರ್ ಕೂಡ ಇದೆಯಂತೆ, ದುಬಾರಿ, ಎಲ್ಲ ಕಡೆ ಸಿಗಲ್ಲ.

ಇಷ್ಟೆಲ್ಲ ಗೊತ್ತಿದ್ದೂ 85 ಅಂತ ಗೆರೆ ಎಳೆಯೋದು ಯಾಕೆ? ಆಡಳಿತಕ್ಕೆ ಎಲ್ಲೋ ಒಂದು ಕಡೆ ಗೆರೆ ಬೇಕು, ಒಪ್ಪುತ್ತೇನೆ. ಆದರೆ ಗೆರೆಯ ಮೇಲೆ ನಿಂತವನನ್ನು ಹೇಗೆ ನೋಡಬೇಕು ಅನ್ನೋದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ಕೊಡುವ ಹಾಗಿಲ್ಲ. ಫ್ಲೋರಿಡಾ ರಾಜ್ಯ ಅದಕ್ಕೆ ಐಕ್ಯೂ 70 ಅಂತ ಗೆರೆ ಹಾಕಿತ್ತು, ಫ್ರೆಡ್ಡಿ ಲೀ ಹಾಲ್ ಅನ್ನೋ ಕೈದಿಗೆ 71 ಬಂದಿತ್ತು, ಬೇರೆ ಸಾಕ್ಷಿ ಕೇಳಲೇ ಇಲ್ಲ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಟೆಸ್ಟ್‌ಗೇ ತಪ್ಪಿನ ಅಂಚು ಇರುವಾಗ ಆ ಅಂಚಿನೊಳಗೆ ಬಂದವನಿಗೆ ಉಳಿದ ಸಾಕ್ಷಿ ತೋರಿಸಲು ಅವಕಾಶ ಕೊಡಬೇಕು ಅಂತ ಅದರ ತಾತ್ಪರ್ಯ. ಅದೂ ನಾಲ್ಕರ ವಿರುದ್ಧ ಐದು ನ್ಯಾಯಮೂರ್ತಿಗಳ ತೀರ್ಪು. ನಮ್ಮ ಹುಡುಗನದ್ದು ಅಂಥ ಜೀವನ್ಮರಣದ ಪ್ರಶ್ನೆ ಅಲ್ಲ, ಪರೀಕ್ಷೆಯಲ್ಲಿ ಒಂದಷ್ಟು ನಿಮಿಷ ಜಾಸ್ತಿ, ಅಷ್ಟೇ. ಆದರೂ ಆ ಒಂದು ಪುಟದ ರಿಪೋರ್ಟ್ ನಂಬಿ ನಾನು ಮನೆಗೆ ಬಂದುಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿದಿತ್ತು.

ಹಾಗಾದರೆ ಟೆಸ್ಟೇ ದಂಡ ಅಂತೀರಾ? ಅಲ್ಲ. ಇಂಗ್ಲೆಂಡಿನ ಸೈಕಾಲಜಿಸ್ಟ್ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಗಮನಿಸಿದ್ದು ಇವತ್ತಿಗೂ ನಿಂತಿದೆ, ಒಂದು ಥರದ ಪ್ರಶ್ನೆಯಲ್ಲಿ ಮುಂದಿರುವ ಮಗು ಬೇರೆ ಥರದ್ದರಲ್ಲೂ ಸಾಮಾನ್ಯವಾಗಿ ಮುಂದಿರುತ್ತದೆ, ಅದಕ್ಕೇ ಎಲ್ಲ ಕೂಡಿಸಿ ಒಂದು ನಂಬರ್ ಮಾಡೋದಕ್ಕೆ ಸ್ವಲ್ಪವಾದರೂ ಅರ್ಥ ಇದೆ. (ಈ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರೇ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮನೆಯಲ್ಲೇ ರೇಡಿಯೋ ಸ್ಟೇಷನ್ ಶುರು ಮಾಡಿದ, ನಾವು ‘ಆಕಾಶವಾಣಿ’ ಅಂತ ಕೇಳುತ್ತಾ ಬೆಳೆದ ಹೆಸರಿನ ಹಿಂದಿನವರು. ಸೈಕಾಲಜಿ ಮೇಷ್ಟ್ರು ಅಂತ ನನಗೆ ಗೊತ್ತೇ ಇರಲಿಲ್ಲ.) ಐಕ್ಯೂಗೂ ಶಾಲೆಯ ಮಾರ್ಕ್ಸ್‌ಗೂ ಇರುವ ನಂಟು ಸುಮಾರು 0.5 ಅಂತಾರೆ, ಒಂದು ಅಂದರೆ ಪೂರ್ತಿ ನಂಟು, ಸೊನ್ನೆ ಅಂದರೆ ಏನೂ ಇಲ್ಲ. ಅದನ್ನು ವರ್ಗ ಮಾಡಿದರೆ 0.25. ಮಕ್ಕಳ ಮಾರ್ಕ್ಸ್‌ನ ಏರುಪೇರಿನಲ್ಲಿ ಕಾಲು ಭಾಗ ಐಕ್ಯೂ ಜೊತೆ ಹೋಗುತ್ತದೆ, ಮುಕ್ಕಾಲು ಭಾಗಕ್ಕೆ ಬೇರೆ ಕಾರಣ ಹುಡುಕಬೇಕು. ಅಷ್ಟಿದ್ದರೂ ನಮ್ಮ ಮನೆಯ ಮಟ್ಟಿಗೆ 92ಕ್ಕಿಂತ ಆ 86–98 ಜೋಡಿಯೇ ಉಪಯೋಗಕ್ಕೆ ಬಂತು. ಇವನಿಗೆ ನೋಡಿ ಮಾಡುವ ಕೆಲಸ ಸಲೀಸು ಅಂತ ಕಾಣುತ್ತಿದೆ, ಪಾಠವನ್ನು ಚಿತ್ರ ಬಿಡಿಸಿ ಹೇಳಿಕೊಡಿ ಅಂತ ಮೇಡಂ ಟೀಚರ್‌ಗೆ ಚೀಟಿ ಬರೆದುಕೊಟ್ಟರು, ಆ 12 ಅಂಕದ ಅಂತರದಲ್ಲೂ ತಪ್ಪಿನ ಅಂಚು ಇದೆ ಅಂತ ಹೇಳಿಯೇ ಕೊಟ್ಟರು. ಓದು-ಬರಹದ ಪರೀಕ್ಷೆಗೂ ಮುಂದೆ ಕಳಿಸಿದ್ದಾರೆ. ಅದರ ಎರಡು ಸುತ್ತು ಆಗಿದೆ, ಇನ್ನೊಂದು ಬಾಕಿ.

ಸರ್ಕಾರಿ ಕಡೆ ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ನಾಲ್ಕು ಸಲ ಓಡಾಡಿಸಿದರು, ರಿಪೋರ್ಟ್ ಕೈಗೆ ಬರಲು ಮೂರು ವಾರ ಆಯಿತು, ಮತ್ತು ಅಲ್ಲಿ ಫೋನ್ ಯಾರೂ ಎತ್ತಲ್ಲ.

ಹೋಗುವವರಿಗೆ ಹೇಳುವುದಿಷ್ಟು. ಬೆಳಗಿನ ಹೊತ್ತು ಕೇಳಿ ಪಡೆಯಿರಿ, ಮಗುವಿಗೆ ಹೊಟ್ಟೆ ತುಂಬಿರಲಿ. ಟೆಸ್ಟ್ ಮನೆಮಾತಿನಲ್ಲೇ ಆಗಬೇಕು ಅಂತ ದುಡ್ಡು ಕಟ್ಟುವ ಮೊದಲೇ ಹೇಳಿ. ಯಾವ ಟೆಸ್ಟ್, ಅದರ ಮಾದರಿ ಯಾವ ಕಾಲದ್ದು, ತಪ್ಪಿನ ಅಂಚು ಎಷ್ಟು, ಭಾಗವಾರು ಅಂಕ ಕೊಡುತ್ತೀರಾ ಅಂತ ಕೇಳಿ. ಇಷ್ಟು ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ದುಡ್ಡು ಜೇಬಿನಲ್ಲೇ ಇರಲಿ. ಆಸ್ಪತ್ರೆಯಲ್ಲಿ ಚೀಟಿ ಕೌಂಟರ್ ಎಂಟೂವರೆಗೆ ತೆಗೆಯುತ್ತಾರೆ, ಎಂಟಕ್ಕೇ ಹೋಗಿ ನಿಲ್ಲಿ, ಮಗುವಿನ ಆಧಾರ್ ಜೆರಾಕ್ಸ್ ಎರಡು ಇರಲಿ, ಅಲ್ಲಿನ ಜೆರಾಕ್ಸ್ ಅಂಗಡಿ ಹತ್ತು ಗಂಟೆ ತನಕ ಬಾಗಿಲು ತೆಗೆಯಲ್ಲ.